ಸ್ಕಿಲೆಟ್ ಕೋವಿನ ಎಕ್ಕದ ಬೇಟೆ

ವಿನಿ ಅತ್ತೆಯ ಪೂರ್ತಿ ಹೆಸರು ಲೆವಿನಿಯಾ ಸ್ಟ್ರಿಕ್ಲೆಂಡ್. ಆ ಹೆಸರು ಗೊತ್ತಿರುವುದು ಪಿಂಚಣಿ ಕಳಿಸುವ ಕಚೇರಿಗೆ ಮತ್ತು ದೇವರಿಗೆ ಮಾತ್ರ. ಇಬ್ಬರೂ ಆಕೆಯನ್ನು ನೆನೆಯುವುದು ತಿಂಗಳಿಗೊಮ್ಮೆ. ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ಕರಾವಳಿಯಲ್ಲಿ ಬಂಡೆಗೆ ಅಂಟಿಕೊಂಡು ಕೂತಿರುವ ಸ್ಕಿಲೆಟ್ ಕೋವ್ ಎಂಬ ನಮ್ಮ ಊರಿಗೆಲ್ಲ ಆಕೆ ವಿನಿ ಅತ್ತೆ. ಮೀನು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಾಡ್ ಮೀನು ಸೀಳಿದ ಕೈ ಅದು. ಆಕೆಯ ಚಾಕು ಎಷ್ಟು ಚುರುಕೆಂದರೆ, ತಾನು ಎರಡಾದೆನೆಂದು ಮೀನಿಗೆ ಗೊತ್ತಾಗುವಷ್ಟರಲ್ಲಿ ಅದರ ಒಂದು ಪಾಲು ಬಾಸ್ಟನ್ ಮುಟ್ಟಿರುತ್ತಿತ್ತು ಎಂದು ಮೈದುನ ಗಾರ್ಫ್ ಹೇಳುತ್ತಾನೆ. ಗಾರ್ಫ್‌ನ ಮಾತಿನಲ್ಲಿ ಅರ್ಧ ಕಳೆದು, ಉಳಿದದ್ದರಲ್ಲಿ ಇನ್ನರ್ಧ ಕಳೆದು, ಮಿಕ್ಕದ್ದನ್ನು ನಂಬುವುದು ಊರಿನ ವಾಡಿಕೆ.

ಕಾರ್ಖಾನೆ ಮುಚ್ಚಿದ ಮೇಲೆ ವಿನಿ ಅತ್ತೆ ಊರಿನ ನೆರವು ಸಂಘದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂಘದ ಕಟ್ಟಡ ನೋಡಲು ಮರದ ಪೆಟ್ಟಿಗೆಯಂತಿದ್ದರೂ ಊರಿನ ಅರ್ಧ ಜೀವ ಅದರೊಳಗೇ ಇತ್ತು. ಬುಧವಾರ ಮತ್ತು ಶನಿವಾರ ಮುದುಕರಿಗೆ ಬಿಸಿ ಊಟ, ಹದಿನೈದು ದಿನಕ್ಕೊಮ್ಮೆ ನರ್ಸಮ್ಮ, ಅಡುಗೆಮನೆಯ ಹಿಂದೆ ಒಂದು ಕಪಾಟು. ಕೈ ಸಾಲದವರು ಯಾರ ಕಣ್ಣಿಗೂ ಬೀಳದೆ ಆ ಕಪಾಟಿನಿಂದ ಹಿಟ್ಟು, ಬೆಣ್ಣೆ ಒಯ್ಯಬಹುದಿತ್ತು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಬಿರುಗಾಳಿ ಬಂತು. ಗಾರ್ಫ್‌ನ ಪ್ರಕಾರ ಅದು ಅವನ ಒಣಗಿಸಿದ ಉದ್ದನೆಯ ಒಳಚಡ್ಡಿಯನ್ನು ಹಗ್ಗದಿಂದ ಹಾರಿಸಿ ಕೊಲ್ಲಿಯಾಚೆಯ ಮಡ್ಡಿ ಬೈಟ್ ಊರಿನ ಇಗರ್ಜಿಯ ಶಿಖರಕ್ಕೆ ತೊಡಿಸಿತು, ಅದೂ ಗುಂಡಿ ಸಮೇತ. ಒಳಚಡ್ಡಿಯ ಕಥೆ ಏನೇ ಇರಲಿ, ಸಂಘದ ಕಟ್ಟಡದ ಸೂರು ಮಾತ್ರ ನಿಜವಾಗಿಯೂ ಹೋಯಿತು. ವಿಮೆಯವರು ಬಂದು, ನೋಡಿ, ನೀರಿನಿಂದಾದ ಹಾನಿಗೆ ಕೊಡುತ್ತೇವೆ, ಗಾಳಿಯಿಂದಾದದ್ದಕ್ಕೆ ಕೊಡುವುದಿಲ್ಲ ಎಂದರು. ಸೂರಿಗೆ ತೊಂಬತ್ತು ಸಾವಿರ ಡಾಲರ್ ಬೇಕಿತ್ತು. ಮುದುಕರು ಬೆಂಕಿ ಆರಿಸುವ ಗಾಡಿಯ ಶೆಡ್ಡಿನಲ್ಲಿ, ಗಾಡಿಯ ಮೂತಿಗೆ ಬೆನ್ನು ಕೊಟ್ಟು ಕೂತು ಉಣ್ಣತೊಡಗಿದರು. ಪಟ್ಟಣದಿಂದ ಬಂದ ಎಂಜಿನಿಯರು ಗೋಡೆ ತಟ್ಟಿ ನೋಡಿ ಹೇಳಿದ: "ಒಂದು ಚಳಿಗಾಲ ತಡೀಬಹುದು. ಎರಡನೇ ಸಲ ಹಿಮ ಒಳಗೆ ಬಿದ್ರೆ ಗೋಡೆ ಕೆಡವೋದೇ."

ಅದಕ್ಕೇ ಎಕ್ಕದ ಬೇಟೆ ಶುರುವಾಯಿತು. ನಮ್ಮ ಕಡೆ ಇಗರ್ಜಿಗೆ ಗಂಟೆ ಬೇಕಾದರೂ, ಮಕ್ಕಳಿಗೆ ಜಾರುಬಂಡಿ ಬೇಕಾದರೂ ಇದೇ ದಾರಿ. ಇಸ್ಪೀಟಿನ ಐವತ್ತೆರಡು ಎಲೆಗಳನ್ನು ಒಂದೊಂದು ಲಕೋಟೆಯಲ್ಲಿ ಮುಚ್ಚಿ, ನಂಬರು ಬರೆದು ಹಲಗೆಗೆ ಚುಚ್ಚುವುದು. ಪ್ರತಿ ಭಾನುವಾರ ಟಿಕೆಟ್ ಮಾರಿ ಒಂದು ಚೀಟಿ ಎತ್ತುವುದು. ಚೀಟಿ ಎದ್ದವನಿಗೆ ಸಣ್ಣದೊಂದು ಬಹುಮಾನ, ಜೊತೆಗೆ ಒಂದು ಲಕೋಟೆ ಆರಿಸುವ ಹಕ್ಕು. ಅದರಲ್ಲಿ ಇಸ್ಪೀಟ್ ಎಕ್ಕ ಬಂದರೆ ದೊಡ್ಡ ಗಂಟು ಅವನದು. ಬರದಿದ್ದರೆ ಗಂಟು ಬೆಳೆಯುತ್ತದೆ, ಮುಂದಿನ ವಾರ ಇನ್ನಷ್ಟು ಜನ ಸೇರುತ್ತಾರೆ. ಟಿಕೆಟ್ಟಿನ ಹಣದಲ್ಲಿ ಅರ್ಧ ಸಂಘಕ್ಕೆ, ಉಳಿದರ್ಧ ಬಹುಮಾನಕ್ಕೂ ಗಂಟಿಗೂ.

ಎಲೆಗಳನ್ನು ಮುಚ್ಚಿದವಳು ವಿನಿ ಅತ್ತೆಯೇ. ಇಸ್ಪೀಟಿನ ಹೊಸ ಕಟ್ಟೊಂದಕ್ಕೆ ಎರಡು ಡಾಲರ್ ಕೊಡಲು ಆಕೆಗೆ ಮನಸ್ಸು ಬರಲಿಲ್ಲ. ಹಿಂದೊಮ್ಮೆ ಹಡಗಿನ ಕಂಪನಿಯವರು ಸಂಘಕ್ಕೆ ಕೊಟ್ಟಿದ್ದ, ಬೆನ್ನಿಗೆ ನೀಲಿ ಲಂಗರಿನ ಚಿತ್ರವಿದ್ದ ಮೂರು ಕಟ್ಟುಗಳಲ್ಲಿ ಎರಡನ್ನು ಬಿರುಗಾಳಿ ಕಪಾಟಿನ ಸಮೇತ ಸಮುದ್ರಕ್ಕೆ ಒಯ್ದಿತ್ತು. ಮೂರನೆಯದು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಒದ್ದೆಯಾಗದೆ ಹಾಗೇ ಸಿಕ್ಕಿತ್ತು. ಇದು ಶುಭಶಕುನ ಎಂದು ಅದನ್ನೇ ತೆಗೆದುಕೊಂಡಳು. ಯಾವ ಎಲೆ ಯಾವ ಲಕೋಟೆಗೆ ಹೋಯಿತೆಂದು ತನಗೂ ತಿಳಿಯಬಾರದೆಂದು ಎಲೆಗಳನ್ನು ಬೋರಲು ಹಾಕಿ, ಮುಖ ನೋಡದೆ ಐವತ್ತೆರಡು ಎಣಿಸಿ ಮುಚ್ಚಿದಳು. ಸಾಕ್ಷಿಗೆ ನಿಂತಿದ್ದ ಪಾದ್ರಿಯೂ ಬೆಂಕಿ ಗಾಡಿಯ ಮುಖ್ಯಸ್ಥನೂ ಪ್ರಾಮಾಣಿಕತೆಯ ಭರದಲ್ಲಿ ಸೂರಿನ ಕಡೆ ಮುಖ ಎತ್ತಿದರು. ಸೂರು ಇರಲಿಲ್ಲವಾದ್ದರಿಂದ ಆಕಾಶ ನೋಡಿದರು. ಆಮೇಲೆ ಮೂವರೂ ಲಕೋಟೆಯ ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಿದರು.

ನಲವತ್ತೈದು ವಾರ ಕಳೆಯಿತು. ನಲವತ್ತೈದು ಲಕೋಟೆ ಒಡೆದರು. ಎಕ್ಕ ಬರಲಿಲ್ಲ. ಉಳಿದದ್ದು ಏಳು. ಭಾನುವಾರ ಬಂತೆಂದರೆ ಕಾರುಗಳ ಸಾಲು ನಮ್ಮ ಊರಿನಲ್ಲಿ ಶುರುವಾಗಿ, ಊರು ಸಾಲದೆ, ಹಿಂದಿನ ಭಾನುವಾರದ ಸಾಲಿನ ಬಾಲಕ್ಕೆ ಹೋಗಿ ಸೇರುತ್ತಿತ್ತು. ಮಡ್ಡಿ ಬೈಟ್‌ನವರು ಬಸ್ಸು ತುಂಬ ಬರುತ್ತಿದ್ದರು. ಬ್ಯಾಂಕಿನಲ್ಲಿ ಗಂಟೂ ಸಂಘದ ಪಾಲೂ ಸೇರಿ ಒಂದು ಲಕ್ಷದ ಮೂವತ್ತು ಸಾವಿರ ಡಾಲರ್ ಕೂತಿತ್ತು. ಇನ್ನು ಮೂರು ನಾಲ್ಕು ಭಾನುವಾರ ಕಳೆದರೆ ಸಂಘದ ಪಾಲೇ ಸೂರಿನಷ್ಟಾಗುತ್ತಿತ್ತು. ಹಿಮ ಬೀಳಲು ಎರಡು ತಿಂಗಳಿತ್ತು.

ಆ ಬುಧವಾರ ಊಟವಾದ ಮೇಲೆ ಶೆಡ್ಡಿನಲ್ಲಿ ಎಂದಿನಂತೆ ಇಸ್ಪೀಟು ಹಾಕಿದರು. ಗಾರ್ಫ್‌ನ ಕಟ್ಟು. ಸ್ಕಿಲೆಟ್ ಕೋವ್‌ನಲ್ಲಿ ಇಸ್ಪೀಟಿನ ಕಟ್ಟಿಗೆ ಸಾವಿಲ್ಲ. ಒಂದು ಎಲೆ ಹರಿದರೆ ಇನ್ನೊಂದು ಕಟ್ಟಿನಿಂದ ಒಂದನ್ನು ತಂದು ಸೇರಿಸುತ್ತಾರೆ. ಹಾಗಾಗಿ ಪ್ರತಿ ಕಟ್ಟಿನಲ್ಲೂ ಬೆನ್ನಿನ ಬಣ್ಣ ಬೇರೆಯಾದ ನಾಲ್ಕಾರು ಎಲೆಗಳಿರುತ್ತವೆ, ಅವು ಯಾರ ಕೈಯಲ್ಲಿವೆಯೆಂದು ಎದುರಿಗೆ ಕೂತವರಿಗೆಲ್ಲ ಕಾಣುತ್ತದೆ. ಕಂಡರೂ ಕಾಣದವರಂತಿರುವುದು ಮರ್ಯಾದೆ. ಎಲೆಯ ಬೆನ್ನು ನೋಡುವುದು ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿದಷ್ಟೇ ಹೀನ ಎಂದು ನಮ್ಮಲ್ಲಿ ಹುಟ್ಟಿದವರಿಗೆ ಹಾಲು ಬಿಡುವ ಮೊದಲೇ ಕಲಿಸಿರುತ್ತಾರೆ.

ಗಾರ್ಫ್ ಮೇಜಿಗೆ ಬಡಿದು ಒಂದು ಎಲೆ ಎಸೆದ. ಇಸ್ಪೀಟ್ ಎಕ್ಕ. ಎಸೆದ ರಭಸಕ್ಕೆ ಎಲೆ ಮಗುಚಿ ಬೋರಲಾಯಿತು. ಕೆಂಪು ಬೆನ್ನಿನ ಎಲೆಗಳ ನಡುವೆ ನೀಲಿ ಲಂಗರು.

ವಿನಿ ಅತ್ತೆ ಜನ್ಮದಲ್ಲಿ ಮೊದಲ ಸಲ ಎಲೆಯ ಬೆನ್ನು ನೋಡಿದಳು. ನೋಡುತ್ತಲೇ ಇದ್ದಳು.

ಆಟ ಮುಗಿದು ಎಲ್ಲರೂ ಹೋದ ಮೇಲೆ ಗಾರ್ಫ್‌ನ ತೋಳು ಹಿಡಿದಳು. "ಈ ಎಕ್ಕ ಎಲ್ಲಿಂದ ಬಂತು?"

"ನನ್ನ ಎಕ್ಕಾನ ನಾಯಿ ಅಗಿದು ಹಾಕ್ತಲ್ಲ ಅತ್ತಿಗೆ, ಎರಡು ವರ್ಷದ ಹಿಂದೆ. ಸಂಘದ ಕಪಾಟಿಂದ ತಗೊಂಡೆ."

"ಯಾವ ಕಟ್ಟಿಂದ?"

"ಮೂರಿದ್ವು. ಕೈಗೆ ಸಿಕ್ಕಿದ್ದರಿಂದ. ನಾಮಕರಣ ಮಾಡಿಸಿದ್ವಾ ಅವಕ್ಕೆ, ಗುರುತು ಹಿಡಿಯೋಕೆ?"

"ನಾನು ಎಣಿಸಿದಾಗ ಐವತ್ತೆರಡು ಸರಿಯಾಗಿತ್ತು ಗಾರ್ಫ್."

"ಇರದೆ ಏನು? ತಗೊಂಡ ಜಾಗ ಖಾಲಿ ಬಿಡೋಕೆ ನಾನೇನು ಕಳ್ಳನಾ? ಪಕ್ಕಕ್ಕೆ ತೆಗೆದಿಟ್ಟಿದ್ದ ಅದರದೇ ಜೋಕರ್ ಸೇರಿಸಿಟ್ಟಿದ್ದೆ." ಇಷ್ಟು ಹೇಳಿದ ಮೇಲೆ ಗಾರ್ಫ್‌ನ ತಲೆಗೂ ವಿಷಯ ಹೊಕ್ಕಿತು. ಎಪ್ಪತ್ತು ವರ್ಷದಲ್ಲಿ ಅವನು ಬಾಯಿ ಮುಚ್ಚಿದ್ದು ಎರಡೇ ಸಲ. ಮೊದಲನೆಯದು ಅಣ್ಣನ ಸಾವಿನ ದಿನ.

ಲೆಕ್ಕ ಸುಲಭವಾಗಿತ್ತು. ಮೂರು ಕಟ್ಟುಗಳಲ್ಲಿ ಒಂದರಲ್ಲಿ ಎಕ್ಕ ಇರಲಿಲ್ಲ. ಎರಡು ಕಟ್ಟು ಸಮುದ್ರದಲ್ಲಿವೆ. ಒಂದು ಹಲಗೆಯ ಮೇಲಿದೆ.

"ಹೇಳಬೇಡಿ ಅತ್ತಿಗೆ," ಎಂದ ಗಾರ್ಫ್. "ಮೂರರಲ್ಲಿ ಎರಡು ಪಾಲು ನಮ್ಮ ಕಡೇನೇ ಇದೆ. ಹಲಗೇಲಿ ಎಕ್ಕ ಇದ್ದೇ ಇರತ್ತೆ."

"ಇಲ್ದೇ ಇದ್ರೆ? ನಲವತ್ತೈದು ವಾರ ಜನಕ್ಕೆ ನಾವು ಏನು ಮಾರಿದ ಹಾಗಾಯ್ತು?"

"ಸೂರು ಮಾರಿದ್ವಿ. ಸೂರಿಗೆ ಅಂತಾನೇ ತಾನೆ ಅವ್ರೂ ಕೊಟ್ಟಿದ್ದು?"

"ಮಡ್ಡಿ ಬೈಟ್‌ನವರು ನಮ್ಮ ಸೂರಿಗೆ ಬಸ್ಸು ಮಾಡ್ಕೊಂಡು ಬರ್ತಾರಾ? ಎಕ್ಕಕ್ಕೆ ಬರ್ತಾರೆ."

ಗಾರ್ಫ್ ಎಕ್ಕವನ್ನು ಆಕೆಯ ಕೈಗೆ ತುರುಕಿದ. "ಹಾಗಾದ್ರೆ ಇದನ್ನ ನೀವೇ ಒಂದು ಲಕೋಟೆಗೆ ಹಾಕ್ಬಿಡಿ. ಆಗ ಇರೋದಂತೂ ಖಂಡಿತ." ಇಷ್ಟು ಹೇಳಿ, ತಾನು ಏನೂ ಹೇಳಿಲ್ಲವೆಂಬಂತೆ ಹೊರಟುಹೋದ.

ಎರಡು ದಿನ ವಿನಿ ಅತ್ತೆ ಆ ಎಕ್ಕವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದಳು. ಶುಕ್ರವಾರ ಮಧ್ಯಾಹ್ನ ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಚಹಾದ ಕೆಟಲ್ ಒಲೆಗಿಟ್ಟಳು. ಹಲಗೆಯಿಂದ ಹದಿನೇಳನೇ ನಂಬರಿನ ಲಕೋಟೆ ಕಿತ್ತು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಎಕ್ಕ. ಕೆಟಲ್ಲಿನ ಮೂತಿಯಿಂದ ಹಬೆ ಬರತೊಡಗಿತು. ಹಬೆಗೆ ಹಿಡಿದರೆ ಅಂಟು ಬಿಡುತ್ತದೆ. ತೆಗೆಯುವುದು, ಹಾಕುವುದು, ಒತ್ತುವುದು. ಮೀನು ಸೀಳಿದ ಕೈಗೆ ಅರ್ಧ ನಿಮಿಷದ ಕೆಲಸ. ಯಾರಿಗೂ ತಿಳಿಯುವುದಿಲ್ಲ. ಸೂರು ಏರುತ್ತದೆ. ನರ್ಸಮ್ಮ ಬರುತ್ತಾಳೆ. ಎಂಬತ್ತೆಂಟು ವರ್ಷದ ಬೆಸ್ಸಿ ಅಜ್ಜಿ ರಕ್ತದೊತ್ತಡ ನೋಡಿಸಿಕೊಳ್ಳಲು ತೊಂಬತ್ತು ಕಿಲೋಮೀಟರು ಕೂತು ಹೋಗಬೇಕಾಗುವುದಿಲ್ಲ.

ಲಕೋಟೆಯನ್ನು ಹಬೆಯ ಹತ್ತಿರ ಒಯ್ದಳು. ಶಾಯಿ ಮೊದಲು ಬೆವರಿತು. ಪಾದ್ರಿಯ ಸಹಿಯ ಬಾಲ ಸ್ವಲ್ಪ ಹರಡಿತು. ಅದರ ಕೆಳಗೆ ಆಕೆಯದೇ ಸಹಿ ಇತ್ತು, ಸಂಬಳದ ಪುಸ್ತಕದಲ್ಲಿ ಮೂವತ್ತೊಂದು ವರ್ಷ ಹಾಕಿದ ಅದೇ ದಪ್ಪಕ್ಷರದ ಸಹಿ. ಅದೂ ಹರಡಲು ಶುರುವಾದಾಗ ಸುಟ್ಟುಕೊಂಡವಳಂತೆ ಕೈಯನ್ನು ಹಿಂದಕ್ಕೆಳೆದುಕೊಂಡಳು. ಒಲೆ ಆರಿಸಿದಳು. ನೀರು ಸುಮ್ಮನೆ ಹಾಳಾಗಬಾರದೆಂದು ಚಹಾ ಮಾಡಿ ಕುಡಿದಳು. ಆಮೇಲೆ ರಾಜಧಾನಿಯಲ್ಲಿ ಇಂಥ ಆಟಗಳಿಗೆ ಪರವಾನಗಿ ಕೊಡುವ ಕಚೇರಿಗೆ ಫೋನು ಮಾಡಿದಳು.

ಡ್ವಾಯರ್ ಎಂಬ ಹೆಂಗಸು ಕೇಳಿಸಿಕೊಂಡಳು. ಕೆಟಲ್ಲಿನ ವಿಷಯವನ್ನೂ ಕೇಳಿಸಿಕೊಂಡಳು. ಕೊನೆಗೆ, "ನೀವು ಇದನ್ನೆಲ್ಲ ನನಗೆ ಹೇಳದೇ ಇದ್ದಿದ್ರೆ ನನ್ನ ಭಾನುವಾರ ಚೆನ್ನಾಗಿರ್ತಿತ್ತು," ಎಂದಳು. ಆಮೇಲೆ ಅಪ್ಪಣೆ ಕೊಟ್ಟಳು: ತಾನು ಬರುವವರೆಗೆ ಹಲಗೆಯನ್ನು ಯಾರೂ ಮುಟ್ಟಬಾರದು. ಭಾನುವಾರ ಎಲ್ಲರೆದುರು ಏಳೂ ಲಕೋಟೆ ಒಡೆಯುವುದು. ಎಕ್ಕವಿದ್ದರೆ ಹೊಸ ಲಕೋಟೆಗಳಲ್ಲಿ ಕಲೆಸಿ ಮುಚ್ಚಿ ಆಟ ಮುಂದುವರಿಸುವುದು. ಇಲ್ಲದಿದ್ದರೆ ಆಟ ರದ್ದು. ಟಿಕೆಟ್ ತಂದು ತೋರಿಸಿದವರಿಗೆಲ್ಲ ಮೂವತ್ತು ದಿನದೊಳಗೆ ಹಣ ವಾಪಸ್. ಅದಾದ ಮೇಲೆ ಮಿಕ್ಕದ್ದು ಸಂಘಕ್ಕೆ.

"ಎಲ್ಲರೂ ಬಂದು ಕೇಳಿದ್ರೆ?" ಎಂದಳು ವಿನಿ ಅತ್ತೆ.

"ಮಿಕ್ಕೋದು ಇರಲ್ಲ," ಎಂದಳು ಡ್ವಾಯರ್.

ಭಾನುವಾರ ಶೆಡ್ಡಿನ ಮುಂದೆ ಎಷ್ಟು ಜನವಿದ್ದರೆಂದರೆ ಬೆಂಕಿ ಗಾಡಿಗೇ ಉಸಿರು ಕಟ್ಟಿತು. ವಿನಿ ಅತ್ತೆ ಗಾಡಿಯ ಮೆಟ್ಟಿಲು ಹತ್ತಿ ಮೈಕು ಹಿಡಿದಳು. ಸುತ್ತಿ ಬಳಸಲಿಲ್ಲ. ಕಟ್ಟಿನ ವಿಷಯ, ಜೋಕರಿನ ವಿಷಯ, ತಾನು ಮುಖ ನೋಡದೆ ಎಣಿಸಿದ ವಿಷಯ ಹೇಳಿದಳು. ಗಾರ್ಫ್‌ನ ಹೆಸರು ಹೇಳಲಿಲ್ಲ. ಗಾರ್ಫ್ ತಾನೇ ಟೋಪಿ ತೆಗೆದು ಮುಂದೆ ಬಂದು ಆಕೆಯ ಪಕ್ಕ ನಿಂತ.

ಜನರೆಲ್ಲ ಹಲಗೆಯ ಮೇಲಿನ ಏಳು ಲಕೋಟೆಗಳ ಕಡೆ ಕತ್ತು ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು.

"ಶುರು ಮಾಡಿ," ಎಂದು ಹಿಂದಿನಿಂದ ಒಂದು ಗಂಡಸಿನ ದನಿ ಬಂತು. ಮಡ್ಡಿ ಬೈಟ್‌ನ ಆಬ್ರಿ ಸ್ನೂಕ್. ಸೀಗಡಿ ದೋಣಿಯವನು, ಮಾತಿನಲ್ಲೂ ಜಿಪುಣ.

ಡ್ವಾಯರ್ ಮೊದಲ ಲಕೋಟೆ ಒಡೆದಳು. ಆಠೀನ್ ನಾಲ್ಕು. ಎರಡನೆಯದು, ಕಳಾವರ್ ರಾಣಿ. ಮೂರನೆಯದು ಹದಿನೇಳನೇ ನಂಬರು. ಹರಡಿದ ಶಾಯಿಯನ್ನು ಅವಳು ಬೆಳಕಿಗೆ ಹಿಡಿದು ನೋಡಿದಳು, ವಿನಿ ಅತ್ತೆಯ ಮುಖ ನೋಡಿದಳು, ಒಡೆದಳು. ಇಸ್ಪೀಟ್ ಒಂಬತ್ತು. ಇಸ್ಪೀಟ್ ಎಂಬಷ್ಟು ಕೇಳಿದ್ದಕ್ಕೇ ಮುಂದಿದ್ದವರು ಕೈ ತಟ್ಟಿ, ನಾಚಿ, ನಿಲ್ಲಿಸಿದರು. ನಾಲ್ಕು, ಡೈಮಂಡ್ ಏಳು. ಐದು, ಆಠೀನ್ ರಾಜ. ಗಾಳಿ ಇರಲಿಲ್ಲ. ಕಡಲಹಕ್ಕಿಗಳು ಕೂಡ ದೋಣಿ ಕಟ್ಟುವ ಧಕ್ಕೆಯ ಮೇಲೆ ಸಾಲಾಗಿ ಕೂತಿದ್ದವು, ಟಿಕೆಟ್ ಕೊಂಡವರ ಹಾಗೆ. ಆರನೆಯದನ್ನು ಒಡೆದ ಡ್ವಾಯರ್ ಓದಿ ಹೇಳಲಿಲ್ಲ. ಎಲೆಯನ್ನು ತಿರುಗಿಸಿ ಜನಕ್ಕೆ ತೋರಿಸಿದಳು.

ಗೆಜ್ಜೆ ಟೋಪಿಯ ಜೋಕರ್ ಎಲ್ಲರನ್ನೂ ನೋಡಿ ನಗುತ್ತಿದ್ದ.

ಏಳನೆಯದನ್ನು ನಿಯಮಕ್ಕೆಂದು ಒಡೆದರು. ಅದು ಏನಾಗಿತ್ತೆಂದು ಈಗ ಯಾರಿಗೂ ನೆನಪಿಲ್ಲ.

ಮರುದಿನದಿಂದ ಮೂವತ್ತು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ವಿನಿ ಅತ್ತೆ ಶೆಡ್ಡಿನ ಬಾಗಿಲಲ್ಲಿ ಮೇಜು ಹಾಕಿ ಕೂತಳು. ಎದುರಿಗೆ ಬ್ಯಾಂಕಿನ ಚೆಕ್ಕಿನ ಪುಸ್ತಕ. ಸೂರು ಹೊಚ್ಚುವವನು ಫೋನು ಮಾಡಿ, ನವೆಂಬರ್ ಒಂದಕ್ಕೆ ತಗಡು ತರಿಸದಿದ್ದರೆ ಮುಂದಿನ ವಸಂತಕ್ಕೇ ಎಂದಿದ್ದ. ನಲವತ್ತು ಸಾವಿರಕ್ಕಿಂತ ಹೆಚ್ಚು ಹೊರಗೆ ಹೋದರೆ ಪೂರ್ತಿ ಸೂರಿಲ್ಲ. ಅಷ್ಟು ಆಕೆಗೆ ಬಾಯಿಪಾಠವಾಗಿತ್ತು.

ಸ್ಕಿಲೆಟ್ ಕೋವ್‌ನವರು ಯಾರೂ ಬರಲಿಲ್ಲ. ಸೋತ ಟಿಕೆಟ್ ಮನೆಯಲ್ಲಿಟ್ಟರೆ ದೋಣಿಗೆ ಕೇಡು ಎಂದು ನಮ್ಮವರು ಅವತ್ತವತ್ತೇ ಒಲೆಗೆ ಹಾಕುತ್ತಾರೆ. ಬೆಸ್ಸಿ ಅಜ್ಜಿ ಮಾತ್ರ ಬಂದು ಮೇಜಿನ ಮುಂದೆ ನಿಂತಳು.

"ನಿನ್ನ ಹತ್ರ ಟಿಕೆಟ್ ಇದ್ಯಾ ಅಜ್ಜಿ?"

"ಇಲ್ಲ. ನಿನ್ನ ಮುಖ ಹೇಗಿದೆ ಅಂತ ನೋಡೋಕೆ ಬಂದೆ. ಹಾಳಾಗಿದೆ. ಏನಾದ್ರೂ ತಿನ್ನು."

ದೂರದ ಊರುಗಳವರು ಒಬ್ಬೊಬ್ಬರಾಗಿ ಬಂದರು. ಕೆಲವರು ಕಣ್ಣು ತಪ್ಪಿಸಿ ತೆಗೆದುಕೊಂಡರು. ಒಬ್ಬ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು, "ಬೇರೆಯವರು ಬಾಯಿ ಮುಚ್ಕೊಂಡಿರ್ತಿದ್ರು," ಎಂದ. ಅದು ಹೊಗಳಿಕೆಯೋ ಬೈಗುಳವೋ ಆಕೆಗೆ ತಿಳಿಯಲಿಲ್ಲ. ಇಪ್ಪತ್ತೊಂಬತ್ತನೇ ದಿನದ ಹೊತ್ತಿಗೆ ಹನ್ನೊಂದು ಸಾವಿರ ಹೋಗಿತ್ತು. ಗಾರ್ಫ್ ಆಗಲೇ ತಗಡಿನ ಬಣ್ಣದ ಬಗ್ಗೆ ಮಾತಾಡತೊಡಗಿದ್ದ. ಮಡ್ಡಿ ಬೈಟ್‌ನಿಂದ ಒಬ್ಬರೂ ಬಂದಿರಲಿಲ್ಲ. ಅದೇ ವಿನಿ ಅತ್ತೆಗೆ ಭಯ. ಏಕೆಂದರೆ ಅಲ್ಲಿನವರ ನಡೆ ನಮ್ಮದಕ್ಕೆ ತಿರುಗುಮುರುಗು. ಗಂಟು ಯಾರಿಗಾದರೂ ಹೋಗುವ ತನಕ ಅವರು ಒಂದು ಟಿಕೆಟ್ಟನ್ನೂ ಎಸೆಯುವುದಿಲ್ಲ, ಒಲೆಯ ಪಕ್ಕದ ಮೊಳೆಗೆ ಚುಚ್ಚಿಡುತ್ತಾರೆ.

ಮೂವತ್ತನೇ ದಿನ ಮೂರೂ ಮುಕ್ಕಾಲಿಗೆ ಕೊಲ್ಲಿಯಲ್ಲಿ ಒಂದು ದೋಣಿ ಕಾಣಿಸಿತು.

"ಆಬ್ರಿ ಸ್ನೂಕ್‌ದು," ಎಂದ ಗಾರ್ಫ್. ಅವನ ದನಿ ಒಣಗಿತ್ತು. "ಇನ್ನೂ ಧಕ್ಕೆಗೆ ಕಟ್ಟಬೇಕು. ಮೇಲೆ ಹತ್ತಿ ಬರೋಕೆ ಹತ್ತು ನಿಮಿಷ. ಅತ್ತಿಗೆ, ನಾಲ್ಕಕ್ಕೆ ಬಾಗಿಲು ಹಾಕಿದ್ರೆ ಕಾನೂನು ನಮ್ಮ ಕಡೆ."

ವಿನಿ ಅತ್ತೆ ಗಡಿಯಾರ ನೋಡಿದಳು. ದೋಣಿ ನೋಡಿದಳು. ಆಬ್ರಿ ಮೀನು ತುಂಬುವ ದೊಡ್ಡ ಟಬ್ಬೊಂದನ್ನು ಧಕ್ಕೆಗೆ ಎತ್ತಿಡಲು ಹೆಣಗುತ್ತಿದ್ದ. ಮೂರು ಐವತ್ತೊಂದು. ಅವನು ಟಬ್ಬನ್ನು ಎಳೆಯುತ್ತ ಏರು ಹತ್ತತೊಡಗಿದ. ಮೂರು ಐವತ್ತಾರು. ಅರ್ಧ ಏರಿಗೆ ನಿಂತು ಸೊಂಟ ಹಿಡಿದುಕೊಂಡ.

"ಸೊಂಟ ನೋವಿರೋನು ಪಾಪ, ಸುಧಾರಿಸ್ಕೊಳ್ಳಲಿ," ಎಂದ ಗಾರ್ಫ್.

ವಿನಿ ಅತ್ತೆ ಎದ್ದಳು. ಬಾಗಿಲಿನ ಕಡೆಗಲ್ಲ. ಏರು ಇಳಿದು ಹೋಗಿ ಟಬ್ಬಿನ ಇನ್ನೊಂದು ಹಿಡಿಕೆ ಹಿಡಿದಳು.

"ಬಿಡಿ ವಿನಿ ಅಕ್ಕ, ಭಾರ ಇದೆ," ಎಂದ ಆಬ್ರಿ.

"ಎಷ್ಟು ಭಾರ ಅಂತ ನಂಗೂ ಗೊತ್ತಾಗಬೇಕಲ್ಲ. ಎತ್ತು."

ಇಬ್ಬರೂ ಮೂರು ಐವತ್ತೊಂಬತ್ತಕ್ಕೆ ಹೊಸ್ತಿಲು ದಾಟಿದರು. ಟಬ್ಬಿನ ತುಂಬ ಟಿಕೆಟ್. ಮನೆಮನೆಯವು ಬೇರೆಬೇರೆಯಾಗಿ ಬಲೆಯ ದಾರದಲ್ಲಿ ಪೋಣಿಸಿದ್ದವು, ಪ್ರತಿ ಸರಕ್ಕೂ ಹೆಸರಿನ ಚೀಟಿ. ಎಣಿಸಿ ಮುಗಿಸಲು ಮೂವರಿಗೆ ಎರಡು ದಿನ ಹಿಡಿಯಿತು. ಐವತ್ತೆರಡು ಸಾವಿರ ಡಾಲರ್.

"ಈ ಸಲ ಸೀಗಡಿ ಕೈ ಕೊಡ್ತು, ಅಕ್ಕ," ಎಂದ ಆಬ್ರಿ, ಚೆಕ್ಕುಗಳನ್ನು ಎಣಿಸಿ ಒಳಜೇಬಿಗೆ ಇಳಿಸುತ್ತ. "ನಮ್ಮ ಹೆಂಗಸರು ಚಳಿಗಾಲಕ್ಕೆ ಮನೆ ಬಿಸಿ ಮಾಡೋ ಎಣ್ಣೆ ತರಿಸ್ಬೇಕು. ಕೇಳೋದು ಬೇಡ ಅಂತ ಮೂರು ವಾರ ಕೂತು ಮಾತಾಡಿದ್ವಿ. ಆಗಲಿಲ್ಲ."

"ನಿಮ್ಮ ದುಡ್ಡು. ನೀವು ಕೇಳಿದ್ರಿ. ಸಂಕೋಚ ಯಾಕೆ?"

ಅಷ್ಟು ಹೇಳಿ ಆಕೆ ಚೆಕ್ಕಿನ ಪುಸ್ತಕ ಮುಚ್ಚಿದಳು. ಅದರ ಹೊದಿಕೆಯ ಮೇಲೆ ಆಕೆ ಗೀಚಿದ್ದ ಸೂರಿನ ಲೆಕ್ಕವನ್ನು ಆಬ್ರಿ ಕಂಡರೂ ಕಾಣದವನಂತಿದ್ದ. ಮಡ್ಡಿ ಬೈಟ್‌ನಲ್ಲೂ ಆ ಮರ್ಯಾದೆ ಇದೆಯೆಂದು ಅವತ್ತು ತಿಳಿಯಿತು.

ಸೂರಿನವನು ನವೆಂಬರಿನಲ್ಲಿ ಬಂದ. ಇದ್ದ ಹಣಕ್ಕೆ ಸಮುದ್ರದ ಕಡೆಯ ಇಳಿಜಾರು, ಅಡುಗೆಮನೆ ಮತ್ತು ನರ್ಸಮ್ಮನ ಕೋಣೆಗೆ ತಗಡು ಹೊಚ್ಚಿದ. ಬೆಟ್ಟದ ಕಡೆಗೆ ಟಾರ್ಪಾಲು ಎಳೆದು ಬಲೆಯ ಹಗ್ಗದಲ್ಲಿ ಬಿಗಿದರು. ಎಂಜಿನಿಯರು ಮತ್ತೆ ಬಂದು ಗೋಡೆ ತಟ್ಟಿ, ತಲೆ ಕೆರೆದು, ದಿನಾ ಹಿಮ ಕೆರೆದು ಹಾಕಿದರೆ ವಸಂತದ ತನಕ ನಿಲ್ಲಬಹುದು ಎಂದ. ಕೆರೆಯುವುದು ಯಾರು ಎಂದು ಕೇಳುವ ಮೊದಲೇ ಊರಿನವರೆಲ್ಲ ಗಾರ್ಫ್‌ನ ಕಡೆ ನೋಡಿದರು. ಪರವಾನಗಿ ಕಚೇರಿ ವಿನಿ ಅತ್ತೆಗೆ ಐದು ವರ್ಷ ಯಾವ ಲಾಟರಿಯನ್ನೂ ನಡೆಸಕೂಡದೆಂದು ಕಾಗದ ಕಳಿಸಿತು. ಆಕೆ ಅದನ್ನು ಓದಿ, ಮಡಚಿ, ಕುಂಟುತ್ತಿದ್ದ ಊಟದ ಮೇಜಿನ ಕಾಲಿನ ಕೆಳಗೆ ಇಟ್ಟಳು.

ಮೊದಲ ಹಿಮ ಬಿದ್ದ ವಾರ, ಬುಧವಾರ, ಅರ್ಧ ತಗಡು ಅರ್ಧ ಟಾರ್ಪಾಲಿನ ಕೆಳಗೆ ಮುದುಕರು ಸಾಲಾಗಿ ಕೂತಿದ್ದರು. ಟಾರ್ಪಾಲು ಪಟಪಟ ಎನ್ನುವಾಗೆಲ್ಲ ಎಲ್ಲರೂ ಒಮ್ಮೆ ಮೇಲೆ ನೋಡಿ ಮತ್ತೆ ತಟ್ಟೆ ನೋಡುತ್ತಿದ್ದರು. ಬಾಗಿಲು ತೆರೆಯಿತು. ಆಬ್ರಿ ಸ್ನೂಕ್ ತನ್ನ ತಾಯಿಯ ತೋಳು ಹಿಡಿದುಕೊಂಡು ನಿಂತಿದ್ದ. ತೊಂಬತ್ತರ ಮುದುಕಿ. ಅವರ ಹಿಂದೆ ಮಡ್ಡಿ ಬೈಟ್‌ನ ಇನ್ನೂ ಆರು ಮಂದಿ, ಒಳಗೆ ಬರುವುದೋ ಬೇಡವೋ ಎಂಬಂತೆ.

"ನರ್ಸಮ್ಮ ಬರೋ ದಿನ ಇವತ್ತಲ್ಲ ಅಂತ ಗೊತ್ತು," ಎಂದ ಆಬ್ರಿ. "ಅಮ್ಮ ಊಟಕ್ಕೆ ಬರ್ತೀನಿ ಅಂತ ಹಟ ಹಿಡಿದ್ಲು. ಜಾಗ ಇದ್ಯಾ?"

ಗಾರ್ಫ್ ಚಮಚ ಕೆಳಗಿಟ್ಟ.

ವಿನಿ ಅತ್ತೆ ಬಟಾಣಿ ಸಾರಿನ ಪಾತ್ರೆಯಲ್ಲಿ ಸೌಟು ತಿರುಗಿಸಿ, ತಳದಲ್ಲಿ ಎಷ್ಟು ಉಳಿದಿದೆಯೆಂದು ನೋಡಿದಳು. ಎಂಟು ತಟ್ಟೆಗೆ ಸಾಲುವಂತಿರಲಿಲ್ಲ. ಕೆಟಲ್ಲಿನ ಬಿಸಿನೀರು ಸುರಿದು ಇನ್ನೊಮ್ಮೆ ತಿರುಗಿಸಿದಳು.

"ತಗಡಿನ ಕಡೆ ಭರ್ತಿಯಾಗಿದೆ," ಎಂದಳು. "ಟಾರ್ಪಾಲಿನ ಕಡೆ ಕೂತ್ಕೊಳ್ಳಿ. ಅಜ್ಜೀನ ಮಾತ್ರ ಒಲೆ ಹತ್ರ ಕೂರ್ಸು. ಗಾರ್ಫ್, ಏಳು, ಅವರಿಗೆ ಜಾಗ ಬಿಡು."